ಕರೇಬಂಡೆಯ ಎರಡನೇ ಹೆಸರು

ಜುಲೈ 14, 2025, ಸೋಮವಾರ. ಕಿಲ್ಕೆನ್ನಿ, ಐರ್ಲೆಂಡ್

ಬೆಳಿಗ್ಗೆ ವಾರ್ಡಿನ ರೌಂಡ್ಸ್ ಮುಗಿಸುವಷ್ಟರಲ್ಲಿ ವಿಕ್ರಮನ ಆರು ಮಿಸ್ಡ್ ಕಾಲ್. ತಮ್ಮ ಹೀಗೆ ಕರೆ ಮಾಡಿದನೆಂದರೆ ಯಾರೋ ಸತ್ತಿರಬೇಕು, ಇಲ್ಲವೇ ಕ್ವಾರಿಯಲ್ಲಿ ಏನೋ ಆಗಿರಬೇಕು. ಈ ಸಲ ಎರಡೂ ಅಲ್ಲ. ಒಬ್ಬರು ಸಾಯದೇ ಇರುವುದೇ ತೊಂದರೆಯಂತೆ.

ನಮ್ಮ ಕಲ್ಲು ಕ್ವಾರಿ ಕರೇಬಂಡೆಯ ಲೀಸು ಸೆಪ್ಟೆಂಬರ್ ಮೂವತ್ತಕ್ಕೆ ಮುಗಿಯುತ್ತದೆ. ನವೀಕರಣ ಆಗಬೇಕಾದರೆ ಪಹಣಿಯಲ್ಲಿ ಹೆಸರಿರುವ ಎಲ್ಲರೂ ಒಪ್ಪಿಗೆ ಕೊಡಬೇಕು. ನಮ್ಮ ಪಹಣಿಯಲ್ಲಿ ಎರಡು ಹೆಸರು. ಶಿವರುದ್ರಪ್ಪ ಬಿನ್ ಪುಟ್ಟಣ್ಣ, ಅಂದರೆ ಅಪ್ಪ. ಅವರು ಹೋದ ವರ್ಷ ತೀರಿಕೊಂಡರು, ಅವರ ಪಾಲು ನನಗೂ ವಿಕ್ರಮನಿಗೂ ಪೌತಿ ಖಾತೆಯಾಯಿತು. ಎರಡನೆಯ ಹೆಸರು ಮಲ್ಲಿಕಾರ್ಜುನ ಬಿನ್ ಪುಟ್ಟಣ್ಣ, ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ. ಈ ಮನುಷ್ಯ 1994ರಲ್ಲಿ ‘ತುಮಕೂರಿಗೆ ಹೋಗಿ ಬರ್ತೀನಿ’ ಎಂದು ಹೇಳಿ ಹೋದವರು ಬರಲಿಲ್ಲ. ಜಗಳ ಆಗಿರಲಿಲ್ಲ, ಸಾಲ ಇರಲಿಲ್ಲ. ಅಪ್ಪ ಪೊಲೀಸರಿಗೂ ಹೇಳಿದ್ದರು, ಜ್ಯೋತಿಷಿಗಳಿಗೂ ಹೇಳಿದ್ದರು.

"ಹಂಗಾದ್ರೆ ಇಷ್ಟು ವರ್ಷ ಲೀಸು ಹೆಂಗೆ ನವೀಕರಣ ಆಯ್ತೋ?" ಎಂದೆ.

"ಅಪ್ಪನೇ ಚಿಕ್ಕಪ್ಪನ ಸಹಿ ಹಾಕ್ತಿದ್ರು ಕಣಕ್ಕ. ಕಂದಾಯನೂ ಅವರ ಹೆಸರಲ್ಲೇ ಕಟ್ತಿದ್ರು. ಶಾನುಭೋಗರಿಗೆ ಗೊತ್ತಿತ್ತು. ತಮ್ಮ ಸತ್ತ ಅಂತ ಚಿಕ್ಕಮ್ಮನ ಎದುರಿಗೆ ಹೆಂಗೆ ಬರ್ಸೋದು ಅಂತ."

"ನೀನೂ ಹಾಕ್ಬಿಡು ಮತ್ತೆ."

"ಹಾಕ್ತಿದ್ದೆ. ಈಗ ಹೆಬ್ಬೆಟ್ಟು ಆಧಾರ್‌ಗೆ ತಾಳೆ ಆಗ್ಬೇಕು. ಚಿಕ್ಕಪ್ಪಂಗೆ ಆಧಾರೇ ಇಲ್ಲ. ಬದುಕಿದಾರೆ ಅಂದ್ರೂ ಕಂಪ್ಯೂಟರ್ ನಂಬಲ್ಲ, ಸತ್ತಿದಾರೆ ಅಂದ್ರೂ ನಂಬಲ್ಲ."

ತುಮಕೂರಿನ ವಕೀಲರು ಒಂದು ದಾರಿ ಹೇಳಿದ್ದಾರೆ. ಏಳು ವರ್ಷಕ್ಕೂ ಮೇಲೆ ಸುಳಿವಿಲ್ಲದವರನ್ನು ಸತ್ತರೆಂದು ಕೋರ್ಟು ಘೋಷಿಸಬಹುದು. ಅದಕ್ಕೆ ಹೆಂಡತಿಯ ಪ್ರಮಾಣಪತ್ರ ಬೇಕು: ಗಂಡನ ಸುದ್ದಿ ಇಷ್ಟು ವರ್ಷದಿಂದ ನನಗೆ ಗೊತ್ತಿಲ್ಲ ಎಂದು. ಲೀಸು ಮುಗಿಯುವ ಮೊದಲು ದಾವೆ ಹೂಡಿದರೆ ಇಲಾಖೆ ತೀರ್ಪಿಗೆ ಕಾಯುತ್ತದೆ. ಹೂಡದಿದ್ದರೆ ಕ್ವಾರಿ ನಿಲ್ಲುತ್ತದೆ. ವಿಕ್ರಮನಿಗೆ ಬೇರೆ ಬದುಕಿಲ್ಲ. ಓದು ಹತ್ತಲಿಲ್ಲ ಎಂದು ಹದಿನೆಂಟಕ್ಕೇ ಬಂಡೆ ಹತ್ತಿದವನು.

ಹೆಂಡತಿ ಎಂದರೆ ಚಿಕ್ಕಮ್ಮ. ವೇದಾವತಿ ಚಿಕ್ಕಮ್ಮ ಈಗ ನನ್ನ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಳೆ. ಒಂದು ಸಹಿ, ಅಷ್ಟೇ. ನಾನು ವೃದ್ಧರ ವಾರ್ಡಿನ ಡಾಕ್ಟರು. ವಾರಕ್ಕೆ ಒಬ್ಬಿಬ್ಬರ ಸಾವಿಗೆ ಸಹಿ ಹಾಕುವವಳು. ಇದೇನು ಮಹಾ.

ಜುಲೈ 16, ಬುಧವಾರ

ಚಿಕ್ಕಮ್ಮನಿಗೆ ಹೇಳಿದೆ. ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ನಾನು ಎಲ್ಲ ವಿವರಿಸಿ ಮುಗಿಸಿದಾಗ, "ನಿನ್ ರೊಟ್ಟಿ ಆರೋಗ್ತೈತೆ, ತಿನ್ನು" ಎಂದಳು.

"ಸಹಿ ಹಾಕ್ತೀಯಾ?"

"ನೋಡಾನ."

ನೋಡೋಣ ಎಂದರೆ ಇಲ್ಲ ಎಂದು ನನಗೆ ಗೊತ್ತು. ಚಿಕ್ಕವಳಿದ್ದಾಗ ಟೂರಿಗೆ ಕಳಿಸು ಎಂದರೂ ಹೀಗೇ ಹೇಳುತ್ತಿದ್ದಳು.

ಜುಲೈ 27, ಭಾನುವಾರ

ದಿನಾ ವಿಕ್ರಮನ ಫೋನು. ದಿನಾ ನನ್ನ ಅದೇ ಉತ್ತರ. ನನ್ನ ಗಂಡ ಚಂದ್ರಕಾಂತ ಶುಕ್ರವಾರ ಡಬ್ಲಿನ್ ಬಳಿಯ ಸ್ಯಾಂಡಿಫರ್ಡ್‌ನ ಕೆಲಸದಿಂದ ಮನೆಗೆ ಬರುವುದು ವಿಶ್ರಾಂತಿಗೆ. ಬಂದರೆ ಇಲ್ಲಿ ಕ್ವಾರಿ ಪುರಾಣ. "ಅವರ ಪಾಡಿಗೆ ಅವರನ್ನ ಬಿಡೇ ಮಾರಾಯ್ತಿ" ಎಂದ. ಬಿಡಬಹುದು, ಅವನ ತಮ್ಮನ ಬಂಡೆಯಲ್ಲವಲ್ಲ.

ಇವತ್ತು ಬೆಳಿಗ್ಗೆ ಚಿಕ್ಕಮ್ಮ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿ, ಅದರ ಮಧ್ಯೆ ಕುಂಕುಮ ಇಟ್ಟುಕೊಳ್ಳುವುದನ್ನು ನೋಡುತ್ತ ನಿಂತಿದ್ದೆ. ಉಂಗುರದ ಬೆರಳಲ್ಲಿ, ಕನ್ನಡಿಯಿಲ್ಲದೆ, ಒಂದು ಕೂದಲೆಳೆ ಆಚೀಚೆ ಇಲ್ಲದ ಹಾಗೆ. ಆಮೇಲೆ ತಾಳಿಗೂ ಒಂದು ಬೊಟ್ಟು. ಯಾರಿಗಾಗಿ ಇದೆಲ್ಲ? ಮೂವತ್ತೊಂದು ವರ್ಷದಲ್ಲಿ ಒಂದು ಕಾರ್ಡು ಹಾಕದ ಮನುಷ್ಯನಿಗೆ. ನನಗೆ ಸಿಟ್ಟು ಬಂತು. ಯಾಕೆಂದು ಬರೆಯಲು ಹೊರಟರೆ ತಿಳಿಯುತ್ತಿಲ್ಲ.

ಅಮ್ಮ ಹೋದಾಗ ನನಗೆ ಏಳು, ವಿಕ್ರಮನಿಗೆ ನಾಲ್ಕು. ಚಿಕ್ಕಮ್ಮ ಆಮೇಲೆ ಮದುವೆಯಾಗಿ ಬಂದವಳು. ಅವಳಿಗೆ ಮಕ್ಕಳಾಗಲಿಲ್ಲ. ಗಂಡ ಹೋದ ಮೇಲೆ ತವರಿಗೆ ಹೋಗಬಹುದಿತ್ತು, ಹೋಗಲಿಲ್ಲ. ನಮ್ಮಿಬ್ಬರ ತಲೆ ಬಾಚುತ್ತ ಅಲ್ಲೇ ಉಳಿದಳು. ನಾನು ಮಗಳು ಮಾನ್ಯಾಳನ್ನು ಹೊತ್ತಾಗ ಬಾಣಂತನಕ್ಕೆಂದು ಐರ್ಲೆಂಡಿಗೆ ಬಂದಳು, ಇಲ್ಲಿಯೂ ಉಳಿದಳು.

ಆಗಸ್ಟ್ 8, ಶುಕ್ರವಾರ. ವರಮಹಾಲಕ್ಷ್ಮಿ

ಸಂಜೆ ಮನೆತುಂಬ ಜನ. ವಾಟರ್‌ಫರ್ಡ್‌ನಿಂದ, ಕಾರ್ಲೋದಿಂದ, ಡಬ್ಲಿನ್‌ನಿಂದಲೂ ಹುಡುಗಿಯರು ರೇಷ್ಮೆ ಸೀರೆಯ ಮೇಲೆ ಮಳೆಕೋಟು ಹಾಕಿಕೊಂಡು ಬಂದಿದ್ದರು. ಎಲ್ಲರಿಗೂ ಅವಳು ಚಿಕ್ಕಮ್ಮನೇ. ಹಿರಿ ಮುತ್ತೈದೆ ಎಂದು ಮೊದಲ ಬಾಗಿನ ಅವಳಿಗೆ. ಕಾಲಿಗೆ ಬಿದ್ದವರಿಗೆಲ್ಲ ಅಕ್ಷತೆ ಹಾಕಿ ಹಾಕಿ ಅವಳ ಕೈ ಹಳದಿಯಾಗಿತ್ತು. ಮಾನ್ಯಾ ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿದ್ದಳು. ಪ್ರಸಾದ ಬೇಕೇನೇ ಎಂದರೆ, "ಆಮ್ ಗ್ರ್ಯಾಂಡ್, ಮಾಮ್" ಎಂದಳು. ಇಲ್ಲಿಯವರ ಮಾತಿನಲ್ಲಿ ಗ್ರ್ಯಾಂಡ್ ಎಂದರೆ ಚೆನ್ನಾಗೇ ಇದ್ದೀನಿ, ಏನೂ ಬೇಡ ಎಂದು.

ಅನನ್ಯಾ ಎಂಬ ಹುಡುಗಿ ಬಂದಿದ್ದಳು, ಏಳು ತಿಂಗಳ ಬಸುರಿ. ಗಂಡ ಅಭಿನಂದನ್ ಡಬ್ಲಿನ್‌ನಲ್ಲಿ ಸಾಫ್ಟ್‌ವೇರು, ಮೈಸೂರಿನವನು. ಅವಳ ಅಮ್ಮನಿಗೆ ವೀಸಾ ಸಿಕ್ಕಲಿಲ್ಲ. ಆಗಸ್ಟ್ ಮೂವತ್ತೊಂದಕ್ಕೆ ಸೀಮಂತ. "ಅಮ್ಮನ ಜಾಗದಲ್ಲಿ ನೀವೇ ನಿಂತು ಬಳೆ ತೊಡಿಸಿ ಮಡಿಲು ತುಂಬಬೇಕು ಚಿಕ್ಕಮ್ಮ. ನೀವಿಲ್ಲದೆ ನಾನು ಕೂರಲ್ಲ" ಎಂದಳು. ಚಿಕ್ಕಮ್ಮ ಅವಳ ಹೊಟ್ಟೆ ಮುಟ್ಟಿ, "ಮಗು ಎಡಕ್ಕೆ ಮಲಗೈತೆ" ಎಂದಳು. ಎಲ್ಲರೂ ನಕ್ಕರು.

ಅವರೆಲ್ಲ ಹೋದ ಮೇಲೆ ಪಾತ್ರೆ ತೊಳೆಯುತ್ತ ನಾನು ಮತ್ತೆ ಕೇಳಿದೆ. ಇವತ್ತು ಕೇಳಬಾರದಿತ್ತು. ಕೇಳಿದೆ.

"ಆ ಕಾಗದ ಹೋದ್ಮೇಲೆ ನನ್ನ ಹಣೆ ಏನಾಗ್ತೈತೆ, ನೀಲಾ?"

"ಏನೂ ಆಗಲ್ಲ. ನೀನು ಕುಂಕುಮ ಇಟ್ಕೋ, ಯಾರು ಬೇಡ ಅಂದ್ರು? ಅದು ತುರುವೇಕೆರೆ ಜಮೀನಿನ ಕಾಗದ. ಇಲ್ಲಿ ಯಾರು ನೋಡ್ತಾರೆ?"

"ನೋಡೋರಿಗಲ್ಲ ಕಣೆ."

"ಮತ್ತೆ ಯಾರಿಗೆ? ಒಂದು ದಿನ ನಿನ್ನ ನೆನೆಸ್ಕೊಳ್ದೋರಿಗೆ ಇಷ್ಟೊಂದು ಮಾಡ್ತೀಯ. ವಿಕ್ರಮ ಬೀದಿಗೆ ಬೀಳ್ತಾನೆ, ಅದು ಕಾಣಲ್ಲ ನಿನಗೆ."

ಅವಳು ಕೈ ಒರೆಸಿಕೊಂಡು ಮೇಲೆ ಹೋದಳು. ಮುತ್ತೈದೆಯರ ಹಬ್ಬದ ದಿನ ನಾನು ಮನೆಯ ಮುತ್ತೈದೆಯನ್ನು ನೋಯಿಸಿ ಮಲಗಿಸಿದೆ. ಅತ್ತಳೋ ಇಲ್ಲವೋ ನೋಡಲಿಲ್ಲ. ಅವಳು ಅತ್ತದ್ದನ್ನು ನಾನು ಎಂದೂ ನೋಡಿಲ್ಲ.

ಆಗಸ್ಟ್ 12, ಮಂಗಳವಾರ

ಒಪ್ಪಿದಳು. ನನ್ನ ಮಾತಿಗಲ್ಲ. ವಿಕ್ರಮ ವಿಡಿಯೋ ಕಾಲ್ ಮಾಡಿ ಬಂಡೆ ತೋರಿಸಿದನಂತೆ. ಮಾತಾಡುತ್ತ ಮಾತಾಡುತ್ತ ಅತ್ತನಂತೆ. ನಲವತ್ತು ದಾಟಿದ ಗಂಡಸು. "ಮಗ ಅತ್ರೆ ನೋಡಕ್ಕಾಗಲ್ಲ" ಎಂದಳು.

ಮಧ್ಯಾಹ್ನವೇ ನೋಟರಿಗೆ ಫೋನ್ ಮಾಡಿದೆ. ಹೈಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಫೆಲನ್ ಎಂಬ ಮುದುಕರು. ಎರಡು ವಿಷಯ ಹೇಳಿದರು. ಜಮೀನಿನಲ್ಲಿ ನನಗೂ ಪಾಲಿರುವುದರಿಂದ ನಾನು ಅನುವಾದ ಮಾಡುವಂತಿಲ್ಲ, ಎರಡೂ ಭಾಷೆ ಬಲ್ಲ ಹೊರಗಿನವರು ಬೇಕು. ಇನ್ನೊಂದು, ಆಕೆ ಯಾವುದರ ಮೇಲೆ ಪ್ರಮಾಣ ಮಾಡುತ್ತಾರೆ? ದೇವರ ಹೆಸರಿಲ್ಲದ ಬರೀ ದೃಢೀಕರಣವೂ ನಡೆಯುತ್ತದೆ ಎಂದರು. ನಾನು ಜಾಣತನ ಮಾಡಿ, ಬೇಡ, ಆಕೆ ಕೊರಳಲ್ಲಿ ಲಿಂಗ ಧರಿಸುತ್ತಾರೆ, ಅದನ್ನು ಹಿಡಿದು ಹೇಳಿದರೆ ನಮ್ಮ ಕಡೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಎಂದೆ. ಅವರಿಗೆ ಬಹಳ ಮೆಚ್ಚುಗೆಯಾಯಿತು, ಹಾಗೇ ಬರೆದುಕೊಂಡರು.

ಅನುವಾದಕ್ಕೆ ಅಭಿನಂದನ್ ಬರುತ್ತಾನೆ. ಕನ್ನಡ ಗ್ರೂಪಿನಲ್ಲಿ ಕೇಳಿದ್ದೇ ತಡ, "ಚಿಕ್ಕಮ್ಮನಿಗೆ ಅಂದ್ರೆ ರಜಾ ಹಾಕಿ ಬರ್ತೀನಿ" ಎಂದು ಮೆಸೇಜು. ಒಳ್ಳೆಯ ಹುಡುಗ. ವಿಕ್ರಮನಿಗೆ ಹೇಳಿದೆ, ಕೆಲಸ ಆಯಿತು ಅಂದುಕೋ ಎಂದು.

ಆಗಸ್ಟ್ 21, ಗುರುವಾರ

ಇವತ್ತಿನದನ್ನು ಬರೆದಿಟ್ಟುಕೊಳ್ಳದಿದ್ದರೆ ನಾಳೆ ನನ್ನ ಕಿವಿಯನ್ನೇ ನಾನು ನಂಬುವುದಿಲ್ಲ.

ಫೆಲನ್ ಅವರ ಕೋಣೆ ಸಣ್ಣದು. ಮೇಜಿನ ಆ ಕಡೆ ಅವರು, ಈ ಕಡೆ ಚಿಕ್ಕಮ್ಮ ಮತ್ತು ಅಭಿನಂದನ್. ನನ್ನನ್ನು ಗೋಡೆಯ ಬಳಿ ಕೂರಿಸಿದರು. "ಡಾಕ್ಟರ್, ನೀವು ಇರಬಹುದು, ಮಾತಾಡಬಾರದು" ಎಂದರು. ಸರಿ ಎಂದೆ. ಚಿಕ್ಕಮ್ಮ ಹಸಿರು ಸೀರೆ ಉಟ್ಟು, ಮೇಲೆ ನನ್ನ ಹಳೆ ಸ್ವೆಟರ್ ಹಾಕಿದ್ದಳು.

ಮುದುಕರು ಕರಡನ್ನು ಒಂದೊಂದೇ ಸಾಲು ಓದಿದರು, ಅಭಿನಂದನ್ ಕನ್ನಡದಲ್ಲಿ ಹೇಳಿದ. ಹೆಸರು, ಊರು, ಮದುವೆಯಾದದ್ದು, ಗಂಡ ಮನೆ ಬಿಟ್ಟದ್ದು. ಚಿಕ್ಕಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಆಮೇಲೆ, ಆ ದಿನದಿಂದ ಇವತ್ತಿನವರೆಗೆ ನನ್ನ ಗಂಡನ ಯಾವ ಸುದ್ದಿಯೂ ನನಗೆ ತಿಳಿದಿಲ್ಲ ಎಂಬ ಸಾಲು ಬಂತು. ಇದಕ್ಕೆ ನೀವು ಪ್ರಮಾಣ ಮಾಡಬೇಕು ಎಂದು ಅವರು ಪೆನ್ನು ಕೆಳಗಿಟ್ಟರು. ಚಿಕ್ಕಮ್ಮ ಸೆರಗಿನೊಳಗಿಂದ ಲಿಂಗವಿದ್ದ ಬೆಳ್ಳಿಯ ಕರಡಿಗೆ ಹೊರತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಡಿದುಕೊಂಡವಳು ಅದನ್ನೇ ನೋಡುತ್ತ ಕೂತಳು.

"ಹೇಳಿ ಚಿಕ್ಕಮ್ಮ," ಎಂದ ಅಭಿನಂದನ್. "ಕೊನೇ ಸಲ ಯಾವಾಗ ಅವರ ಸುದ್ದಿ ಕೇಳಿದ್ರಿ?"

"ತೊಂಬತ್ತೆಂಟ್ನೇ ಇಸವಿ," ಎಂದಳು. "ನೀಲಾ ಪಿಯುಸಿ ಪರೀಕ್ಷೆ ಬರೀತಿದ್ಲು."

ನಾನು ಎದ್ದು ನಿಂತೆ. ಮುದುಕರು ನನ್ನ ಕಡೆ ಕೈ ಎತ್ತಿದರು, ಕೂತೆ.

"ಶಿವಮೊಗ್ಗದ ಅಕ್ಕಿ ಮಿಲ್ಲಿನವರು ಒಬ್ರು ಮನೆಗೆ ಬಂದಿದ್ರು. ಊರಿಗೆ ಬಂದ್ರೆ ಮೊದಲು ಸಿಗೋದು ನಮ್ಮನೆ. ಬಾವ ಬಂಡೆ ಹತ್ರ ಇದ್ರು, ಅತ್ತೆ ಹಟ್ಟೀಲಿದ್ರು. ನಿಮ್ಮೂರಿನೋರು ಒಬ್ರು ನಮ್ಮಲ್ಲಿ ಲೆಕ್ಕ ಬರೀತಿದ್ರು, ಸ್ವಾಮಿ ಅಂತ ಕರೀತಿದ್ವಿ, ಊರಿನ ಹೆಸರು ಬಿಟ್ರೆ ಏನೂ ಹೇಳ್ತಿರ್ಲಿಲ್ಲ, ಜ್ವರ ಬಂದು ಹೋಗ್ಬಿಟ್ರು ಅಂದ್ರು. ನಾನು ತಂಗಿ ಮನೆಗೆ ಹೋಗಿ ಬತ್ತೀನಿ ಅಂತ ಅತ್ತೆಗೆ ಹೇಳಿ ಹೋದೆ. ಆಸ್ಪತ್ರೇಲಿ ಬಟ್ಟೆ ತೆಗೆದು ತೋರಿಸಿದ್ರು. ಅವರೇ. ಗಡ್ಡ ಬಿಟ್ಟಿದ್ರು. ನೀವ್ಯಾರಮ್ಮ ಅಂದ್ರು. ಊರಿನೋಳು ಅಂದೆ. ಹೆಂಡ್ತಿ ಅನ್ನಲಿಲ್ಲ. ವಾರಸುದಾರರಿಲ್ಲ ಅಂತ ಬರ್ಕೊಂಡು ಅವರೇ ಮಣ್ಣು ಮಾಡಿದ್ರು. ನಾನು ದೂರದಲ್ಲಿ ನಿಂತಿದ್ದೆ. ಸಂಜೆ ಬಸ್ಸಿಗೆ ಬಂದು ಮುದ್ದೆ ಮಾಡ್ದೆ. ನೀಲಾಗೆ ಮಾರ್ನೆ ದಿನ ಕೆಮಿಸ್ಟ್ರಿ ಪರೀಕ್ಷೆ."

ಅಭಿನಂದನ್ ಅನುವಾದ ಮಾಡಲಿಲ್ಲ. ತಾನು ಕೇಳಬಾರದ್ದನ್ನು ತಾನೇ ಕೇಳಿಬಿಟ್ಟ, "ಯಾಕೆ ಹೇಳ್ಲಿಲ್ಲ ಯಾರಿಗೂ?"

"ಆ ಹುಡುಗಿಗೆ ತಾಯಿ ಇರ್ಲಿಲ್ಲಪ್ಪ. ನಾಳೆ ಅವಳ ಮದುವೇಲಿ ಅರಿಶಿನ ಹಚ್ಚೋಕೆ, ಮಡಿಲಕ್ಕಿ ಕಟ್ಟೋಕೆ ನಾನೊಬ್ಳೇ. ನಾನು ಬಾಯಿ ಬಿಟ್ಟಿದ್ರೆ ಅತ್ತೆ ನನ್ನ ಹಿತ್ತಲ ಕಡೆ ಕೂರಿಸ್ತಿದ್ರು. ಮದುವೆ ಆದ್ಮೇಲೆ ಹೇಳಾನ ಅಂತಿದ್ದೆ. ಆಮೇಲೆ ಅವಳ ಬಾಣಂತನ ಬಂತು. ಆಮೇಲೆ ಇಲ್ಲಿ. ಇಲ್ಲಿ ಯಾರ ಮನೆಗೆ ಹೋದ್ರೂ ತಾಯಿ ಪಕ್ಕದಲ್ಲಿಲ್ಲದ ಹುಡುಗಿ ಒಬ್ಳು."

ಆಗ ಅವನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ. ಒಂದನ್ನೂ ಬಿಡಲಿಲ್ಲ. ಬಿಡಬಹುದಿತ್ತು, ಬಿಡಲಿ ಎಂದು ನಾನು ಗೋಡೆಯ ಬಳಿ ಬೇಡಿಕೊಳ್ಳುತ್ತಿದ್ದೆ.

ಫೆಲನ್ ಎದ್ದರು. ಮೇಜು ಸುತ್ತಿಕೊಂಡು ಬಂದು ಚಿಕ್ಕಮ್ಮನ ಮುಂದೆ ಬಾಗಿ ಕೈ ಚಾಚಿದರು. "ಸಾರಿ ಫಾರ್ ಯುವರ್ ಟ್ರಬಲ್, ಮಿಸೆಸ್" ಎಂದರು. ಇಲ್ಲಿಯವರು ಸಾವಿನ ಮನೆಗೆ ಹೋದಾಗ ಹೇಳುವುದು ಇಷ್ಟೇ. ಸಾಲಿನಲ್ಲಿ ನಿಂತು ಒಬ್ಬೊಬ್ಬರೂ ಕೈ ಹಿಡಿದು ಇದೊಂದನ್ನೇ ಹೇಳಿ ಹೋಗುತ್ತಾರೆ. ವಾರ್ಡಿನಲ್ಲಿ ಎಷ್ಟು ಸಲ ಕೇಳಿದ್ದೇನೋ. ಚಿಕ್ಕಮ್ಮ ಅಭಿನಂದನ್ ಕಡೆ ನೋಡಿದಳು.

"ನಿಮ್ಮ ಯಜಮಾನ್ರು ಹೋದದ್ದಕ್ಕೆ... ದುಃಖ ಹೇಳ್ತಿದಾರೆ ಚಿಕ್ಕಮ್ಮ."

ಚಿಕ್ಕಮ್ಮ ಆ ಕೈಯನ್ನು ಹಿಡಿದುಕೊಂಡು ಅತ್ತಳು. ದನಿ ತೆಗೆದು, ಹಳ್ಳಿಯ ಹೆಂಗಸರು ಹೆಣದ ಮುಂದೆ ಅಳುವ ಹಾಗೆ. ಹೊರಗೆ ಕೂತಿದ್ದ ಸೆಕ್ರೆಟರಿ ಬಾಗಿಲು ತೆರೆದು ನೋಡಿ ಮುಚ್ಚಿದಳು. ಇಪ್ಪತ್ತೇಳು ವರ್ಷದಲ್ಲಿ ಯಾರೂ ಅವಳಿಗೆ ಸಮಾಧಾನ ಹೇಳಿರಲಿಲ್ಲ. ಹೇಳುವುದಿದೆ ಎಂದು ಯಾರಿಗೆ ಗೊತ್ತಿತ್ತು? ನಾನು ಎದ್ದು ಹೋಗಬೇಕಿತ್ತು. ಮಾತಾಡಬಾರದು ಎಂದಿದ್ದರೇ ಹೊರತು ಮುಟ್ಟಬಾರದು ಎಂದಿರಲಿಲ್ಲ. ಆದರೂ ಕೂತೇ ಇದ್ದೆ.

ಕೊನೆಗೆ ಫೆಲನ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಸುದ್ದಿ ತಿಳಿದಿಲ್ಲ ಎಂದು ಆಕೆ ಇನ್ನು ಪ್ರಮಾಣ ಮಾಡುವಂತಿಲ್ಲ, ಮಾಡಿದರೂ ತಾವು ಮುದ್ರೆ ಒತ್ತುವುದಿಲ್ಲ ಎಂದು. ನಾನು ತಲೆಯಾಡಿಸಿದೆ. ಅವರು ಫೀಸು ತೆಗೆದುಕೊಳ್ಳಲಿಲ್ಲ. ಅಭಿನಂದನ್ ಚಿಕ್ಕಮ್ಮನನ್ನು ಕಾರಿನ ತನಕ ನಡೆಸಿಕೊಂಡು ಬಂದ. ಹೋಗುವಾಗ ಯಾವಾಗಲೂ ಕಾಲಿಗೆ ಬೀಳುವವನು. ಇವತ್ತು ಕೈ ಮುಗಿದ.

ಆಗಸ್ಟ್ 22, ಶುಕ್ರವಾರ

ಬೆಳಿಗ್ಗೆ ಚಿಕ್ಕಮ್ಮ ಕೆಳಗೆ ಬಂದಾಗ ಹಣೆಯಲ್ಲಿ ವಿಭೂತಿ ಮಾತ್ರ. ಕೊರಳಲ್ಲಿ ಲಿಂಗದ ದಾರ ಮಾತ್ರ. ಕಾಫಿ ಕೊಟ್ಟಳು. ನಾನು ಕುಡಿದೆ.

ಮಾನ್ಯಾ ಏನೋ ಬದಲಾಗಿದೆ ಎಂದು ನೋಡಿದಳು, ಏನೆಂದು ತಿಳಿಯಲಿಲ್ಲ. "ಆರ್ ಯು ಓಕೆ, ಅಜ್ಜಿ?" ಎಂದಳು. ಅಜ್ಜಿ, "ಗ್ರ್ಯಾಂಡ್" ಎಂದಳು.

ಆಗಸ್ಟ್ 24, ಭಾನುವಾರ

ವಕೀಲರ ಮಾತು: ಸತ್ತದ್ದು ನಿಜವಾದರೆ ಮರಣ ಪತ್ರ ತನ್ನಿ. ವಿಕ್ರಮ ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದ. ಆ ವರ್ಷದ ದಾಖಲೆಯಲ್ಲಿ ‘ಅನಾಮಧೇಯ ಗಂಡಸು’ ಎಂದು ಬೇಕಾದಷ್ಟು ಮಂದಿ ಇದ್ದಾರಂತೆ. ಯಾವುದು ಚಿಕ್ಕಪ್ಪ ಎಂದು ಹೇಳುವವರಿಲ್ಲ. ಅಕ್ಕಿ ಮಿಲ್ಲು ಈಗ ಕಲ್ಯಾಣ ಮಂಟಪ. ಕಾಣೆಯಾದವರು ಎಂದು ಹೇಳೋಣವೆಂದರೆ ಕಂಡ ಸಾಕ್ಷಿ ನಮ್ಮ ಮನೆಯಲ್ಲೇ ಇದೆ. ಸತ್ತರು ಎನ್ನೋಣವೆಂದರೆ ಹೆಸರಿಲ್ಲ. ಅತ್ತ ದರಿ, ಇತ್ತ ಪುಲಿ.

"ವಾಟರ್‌ಫರ್ಡ್‌ನಲ್ಲಿ ಬೇರೆ ನೋಟರಿ ಇರ್ತಾರಲ್ಲಕ್ಕ," ಎಂದ ವಿಕ್ರಮ. "ಲಿಂಗ ಗಿಂಗ ಬೇಡ. ಸುಮ್ನೆ ಒಂದು ಸಹಿ ಹಾಕ್ಸು."

"ಹಾಕ್ಸಲ್ಲ."

"ಬಂಡೆ ಹೋಗ್ತದೆ."

"ಹೋಗ್ಲಿ."

ಅವನು ಫೋನಿಟ್ಟ. ಹೋಗಲಿ ಎಂದು ನಾನು ಯಾವ ಧೈರ್ಯದಲ್ಲಿ ಹೇಳಿದೆನೋ. ನನ್ನ ಸಂಬಳ ತಿಂಗಳ ಕೊನೆಗೆ ಬರುತ್ತದೆ, ಹಾಗಾಗಿ ಹೇಳಿದೆ. ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ.

ಸಂಜೆ ಚಿಕ್ಕಮ್ಮ ತಾನಾಗಿ ಅನನ್ಯಾಳಿಗೆ ಫೋನ್ ಹಚ್ಚಿಸಿಕೊಂಡಳು. ಅಭಿನಂದನ್ ಹೆಂಡತಿಗೆ ಏನೂ ಹೇಳಿರಲಿಲ್ಲ. ಇವಳೇ ಹೇಳಿದಳು, ಸಕ್ಕರೆ ಮುಗಿದಿದೆ ಎನ್ನುವ ಹಾಗೆ. "ನಾನು ಬರಬಾರದಮ್ಮ. ಗೊತ್ತಿದ್ದೂ ಬಂದ್ರೆ ತಪ್ಪಾಗ್ತದೆ. ನೀನೇ ಕರೆದ್ರೆ ಬೇರೆ ಮಾತು." ಆ ಕೊನೆಯ ಮಾತು ಹೇಳುವಾಗ ಮಾತ್ರ ಗೋಡೆ ಕಡೆ ತಿರುಗಿದಳು. ಆ ಹುಡುಗಿ, "ನಾಳೆ ಫೋನ್ ಮಾಡ್ತೀನಿ ಚಿಕ್ಕಮ್ಮ" ಎಂದಳು.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ಫೋನ್ ಬರಲಿಲ್ಲ. ಬಾಗಿನಕ್ಕೂ ಯಾರೂ ಬರಲಿಲ್ಲ. ವಾರದ ಮಧ್ಯೆ, ಕೆಲಸ ಇರುತ್ತದೆ ಎಂದಳು ಚಿಕ್ಕಮ್ಮ. ಹೋದ ವರ್ಷದ ಗೌರಿಯೂ ಕೆಲಸದ ದಿನವೇ ಅಲ್ಲವೇ, ಆಗ ಬಂದಿರಲಿಲ್ಲವೇ ಎಂದು ಹೇಳಹೊರಟು ತಡೆದುಕೊಂಡೆ.

ಆಗಸ್ಟ್ 31, ಭಾನುವಾರ

ಗ್ರೂಪಿನಲ್ಲಿ ಸೀಮಂತದ ಫೋಟೋ ಬಂದವು. ಅಮ್ಮನ ಜಾಗದಲ್ಲಿ ಡಬ್ಲಿನ್‌ನ ಗೀತಾ. ಅನನ್ಯಾಗಿಂತ ನಾಲ್ಕೈದು ವರ್ಷ ದೊಡ್ಡವಳು, ಅಷ್ಟೇ. ನನಗೆ ಕರೆಯಿತ್ತು, ಹೋಗಲಿಲ್ಲ. ಯಾರ ಮೇಲೆ ಸಿಟ್ಟು ಮಾಡಲಿ? ಬಸುರಿ ಹುಡುಗಿ, ಹೆತ್ತವರಿಂದ ದೂರ, ಅವಳಿಗೆ ಭಯವಾಗುವುದಿಲ್ಲವೇ? ಅವಳ ಅಮ್ಮ ಫೋನಿನಲ್ಲಿ ಏನು ಹೇಳಿದರೋ. ಅವರನ್ನೆಲ್ಲ ಕ್ಷಮಿಸಿದೆ ಎಂದು ಬರೆಯಲು ಹೊರಟರೆ ಪೆನ್ನು ಓಡುವುದಿಲ್ಲ. ಚಿಕ್ಕಮ್ಮನನ್ನು ಆ ಮೇಜಿನ ಮುಂದೆ ಕೂರಿಸಿದವಳು ನಾನು. ದೃಢೀಕರಣ ಸಾಕು ಎಂದಿದ್ದರೆ ಆಗುತ್ತಿತ್ತು. ಲಿಂಗ ಹಿಡಿಸಿದವಳೂ ನಾನು.

ಚಿಕ್ಕಮ್ಮ ನನ್ನ ಫೋನು ತೆಗೆದುಕೊಂಡು ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ ನೋಡಿದಳು.

"ಮಗು ಕೆಳಗಿಳಿದೈತೆ. ಚೆನ್ನಾಗವ್ಳೆ" ಎಂದಳು. ಆಮೇಲೆ, "ಗೀತಾಗೆ ಮಡಿಲು ಕಟ್ಟೋಕೆ ಬರಲ್ಲ. ಅಕ್ಕಿ ಚೆಲ್ತಾವೆ ನೋಡು" ಎಂದಳು.

ಸೆಪ್ಟೆಂಬರ್ 12, ಶುಕ್ರವಾರ

ಚಿಕ್ಕಮ್ಮನ ಹೆಸರಿಗೆ ಟಪಾಲು. ಅವಳ ಹೆಸರಿಗೆ ಆಸ್ಪತ್ರೆಯ ಕಾಗದ ಬಿಟ್ಟರೆ ಏನೂ ಬರುವುದಿಲ್ಲ. ಬಿಳಿ ಹೂವಿನ ಚಿತ್ರದ ಕಾರ್ಡು, ಒಳಗೆ ಮುದುಕರ ನಡುಗುವ ಕೈಬರಹ. ಫೆಲನ್ ಬರೆದಿದ್ದರು: ನಿಮ್ಮ ಪತಿ ಮಲ್ಲಿಕಾರ್ಜುನ ಅವರ ಆತ್ಮಕ್ಕಾಗಿ ನಮ್ಮ ಚರ್ಚಿನಲ್ಲಿ ಪೂಜೆ ಮಾಡಿಸಿದ್ದೇನೆ, ನಿಮಗೆ ಬೇಸರವಾಗುವುದಿಲ್ಲ ಎಂದುಕೊಂಡಿದ್ದೇನೆ. ಇಲ್ಲಿ ಹಾಗೆ ಮಾಡುತ್ತಾರೆ, ಪರಿಚಯದವರು ತೀರಿಕೊಂಡರೆ.

ಓದಿ ಹೇಳಿದೆ. "ಹೆಸರು ಹಾಕವ್ರಾ?" ಎಂದಳು. ಎಲ್ಲಿ ಎಂದು ತೋರಿಸಿದೆ. ಇಂಗ್ಲಿಷು ಓದಲು ಬಾರದವಳು, ಆ ಹೆಸರಿನ ಮೇಲೆ ಬೆರಳಿಟ್ಟು ನೋಡಿದಳು.

ಚಿಕ್ಕಪ್ಪ ಸತ್ತಿದ್ದಾರೆ ಎಂದು ಹೆಸರು ಸಮೇತ ಬರೆದ ಕಾಗದ ಇಡೀ ಜಗತ್ತಿನಲ್ಲಿ ಇದೊಂದೇ. ಫೋಟೋ ತೆಗೆದು ವಿಕ್ರಮನಿಗೆ ಕಳಿಸಿದೆ. ಅವನು ಹತ್ತಿರ ಮೂರು ವಾರದಿಂದ ಮಾತು ಬಿಟ್ಟಿದ್ದ. ಐದು ನಿಮಿಷಕ್ಕೆ ಫೋನು ಬಂತು.

"ಇದಕ್ಕೆ ಸೀಲ್ ಐತೇನಕ್ಕ?"

"ಇಲ್ಲ ಕಣೋ."

ಅವನು ನಗಲು ಶುರು ಮಾಡಿದ. ನಾನೂ ನಕ್ಕೆ. ನಗು ನಿಂತ ಮೇಲೂ ಇಬ್ಬರೂ ಫೋನ್ ಇಡಲಿಲ್ಲ. ಆಮೇಲೆ ಹೇಳಿದ, ಇಲಾಖೆಯವರು ಖಡಾಖಂಡಿತವಾಗಿ ಹೇಳಿದ್ದಾರೆ, ಮೂವತ್ತನೇ ತಾರೀಕು ಗೇಟಿಗೆ ಬೀಗ. ಕೆಲಸದವರಿಗೆ ತಿಳಿಸಿದ್ದಾನೆ. ಅರ್ಧ ಜನ ಆಗಲೇ 'ಬೇರೆ ಬಂಡೆ ನೋಡ್ಕೋತೀವಿ' ಎಂದು ಹೋದರಂತೆ.

"ನೀನೇನು ಮಾಡ್ತೀಯೋ?"

"ನೋಡಾನ," ಎಂದ.

ಸೆಪ್ಟೆಂಬರ್ 21, ಭಾನುವಾರ. ಮಹಾಲಯ ಅಮಾವಾಸ್ಯೆ

ಹಿರಿಯರ ಹಬ್ಬ. ಇಲ್ಲಿಗೆ ಬಂದಾಗಿನಿಂದ ಪ್ರತಿ ವರ್ಷ ಚಿಕ್ಕಮ್ಮ ಅಜ್ಜ ಅಜ್ಜಿಗೆ, ನನ್ನ ಅಮ್ಮನಿಗೆ ಎಡೆ ಇಡುತ್ತಾಳೆ. ಹೋದ ವರ್ಷದಿಂದ ಅಪ್ಪನಿಗೂ. ಒಬ್ಬೊಬ್ಬರಿಗೂ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಮಾಡಿ ಬಡಿಸಬೇಕು. ಅಜ್ಜನಿಗೆ ಕಡುಬು, ಅಜ್ಜಿಗೆ ಹುರುಳಿ ಸಾರು, ಅಮ್ಮನಿಗೆ ಶ್ಯಾವಿಗೆ. ಅಪ್ಪನಿಗೆ ಒಂದು ಕಟ್ಟು ಬೀಡಿ, ಡಬ್ಲಿನ್‌ನಿಂದ ಚಂದ್ರಕಾಂತ ಹುಡುಕಿ ತಂದದ್ದು. ಬೆಳಗಿನಿಂದ ನಾನೂ ಜೊತೆಗೆ ನಿಂತು ತಿರುವಿದೆ, ಬಸಿದೆ. ಯಾವ ವರ್ಷವೂ ನಿಂತಿರಲಿಲ್ಲ, ಡ್ಯೂಟಿ ಇರುತ್ತಿತ್ತು. ಇವತ್ತೂ ಇತ್ತು, ಬದಲಾಯಿಸಿಕೊಂಡೆ.

ಎಲೆ ಸಿಗುವುದಿಲ್ಲವಾದ್ದರಿಂದ ಸ್ಟೀಲಿನ ತಟ್ಟೆ. ಚಿಕ್ಕಮ್ಮ ನಾಲ್ಕು ಇಟ್ಟಳು. ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಳು. ಇಷ್ಟು ವರ್ಷ ಆ ಐದನೆಯದನ್ನು ಇಡುವಂತಿರಲಿಲ್ಲ. ನಾನು ಅವಳ ಕೈಯಿಂದ ತೆಗೆದುಕೊಂಡು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟೆ.

ಅಷ್ಟರಲ್ಲಿ ವಿಕ್ರಮನ ವಿಡಿಯೋ ಕಾಲ್. ಊರಿನ ಮನೆಯಲ್ಲೂ ಎಲೆ ಹಾಕಿದ್ದರು. ಅವನ ಹಿಂದೆ ಅಪ್ಪನ ಫೋಟೋ, ಊದುಬತ್ತಿಯ ಹೊಗೆ.

"ಚಿಕ್ಕಮ್ಮ, ಚಿಕ್ಕಪ್ಪಂಗೂ ಒಂದು ಎಲೆ ಹಾಕಿದೀನಿ. ಬರೀ ಅನ್ನ ಸಾರು ಇಟ್ಟಿದೀನಿ. ಅವರಿಗೆ ಏನು ಇಷ್ಟ ಇತ್ತು ಹೇಳು, ಮಾಡಿಸ್ತೀನಿ."

ಚಿಕ್ಕಮ್ಮ ಒಲೆಯ ಕಡೆ ನೋಡಿದಳು, ಮತ್ತೆ ತಟ್ಟೆಯ ಕಡೆ. ಅಲ್ಲಿ ವಿಕ್ರಮ ಕಾಯುತ್ತಿದ್ದ, ಇಲ್ಲಿ ನಾನು. ಸಾರಿಗೆ ಹೆಚ್ಚು ಉಪ್ಪು ಹಾಕಿಕೊಳ್ಳುತ್ತಿದ್ದರು, ಬಿಸಿ ಇಲ್ಲದಿದ್ದರೆ ಉಣ್ಣುತ್ತಿರಲಿಲ್ಲ ಎಂದು ಏನೇನೋ ಶುರು ಮಾಡಿದಳು. ಅದು ಅಪ್ಪನ ಅಭ್ಯಾಸ ಎಂದು ಅವಳಿಗೇ ಹೊಳೆದು ನಿಲ್ಲಿಸಿದಳು.

"ನೆನಪಾಗ್ತಿಲ್ಲ ಕಣೋ," ಎಂದಳು. "ಐದು ವರ್ಷ ಬಡಿಸಿದೀನಿ. ಏನು ಇಷ್ಟ ಅಂತ ನೆನಪಾಗ್ತಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಡಬ್ಬಿಯ ಮುಚ್ಚಳ ತೆಗೆದು ಒಂದು ಕಾಯೊಬ್ಬಟ್ಟು ಎತ್ತಿ ಐದನೆಯ ತಟ್ಟೆಗೆ ಹಾಕಿದಳು. ತುಪ್ಪ ಬಿಟ್ಟಳು.

"ಇದ್ಯಾರಿಗೆ ಮಾಡಿದ್ದೆ?" ಎಂದೆ.

"ನಿನಗೆ," ಎಂದಳು. "ಚಿಕ್ಕಂದಿನಿಂದ ನಿನಗೆ ಇದೇ ಅಲ್ವಾ ಇಷ್ಟ."